ಕಂಬ ಸರಿದ ವರ್ಷ

ಮೊನ್ನೆ ನನ್ನ ಮೊಬೈಲು ಕೆಟ್ಟಿತೆಂದು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಒಂದು ರಿಪೇರಿ ಅಂಗಡಿಗೆ ಹೋಗಿದ್ದೆ. ಅಂಗಡಿಯಾತ ಫೋನಿನ ಬೆನ್ನು ಬಿಚ್ಚಿ, ಕಾದ ಸಾಲ್ಡರಿಂಗ್ ಕಡ್ಡಿಯನ್ನು ರಾಳದ ಡಬ್ಬಿಗೆ ಅದ್ದಿದ. ಚುಯ್ ಎಂದು ಎಳೆಯಷ್ಟು ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ತಾಕಿದ್ದೇ ತಡ, ಅಲ್ಲಿ ನಿಲ್ಲುವುದು ನನಗೆ ಆಗಲಿಲ್ಲ. ಹೊರಗೆ ಬಂದು ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಆಟೋಗಳು ಒಂದಕ್ಕೊಂದು ಹಾರ್ನ್ ಹೊಡೆದುಕೊಳ್ಳುತ್ತಿದ್ದವು. ನಮ್ಮ ಮನೆಯ ಗೋಡೆ, ಹಾಸಿಗೆ, ನನ್ನ ಸೀರೆಯ ಸೆರಗು ಎಲ್ಲವೂ ಇದೇ ವಾಸನೆ ಹೊಡೆಯುತ್ತಿದ್ದ ಒಂದು ವರ್ಷವಿತ್ತು. ಶ್ರಾವಣಕ್ಕೆ ಶುರುವಾಗಿ ಯುಗಾದಿಗೆ ಮುಗಿದ ವರ್ಷ ಅದು.

ನಾನು ಕಮಲಾಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ಆಗ ನಾವಿದ್ದದ್ದು ಕಲಬುರಗಿಯ ಐವಾನ್-ಎ-ಶಾಹಿ ಕಡೆ, ಒಂದು ಬಾಡಿಗೆ ಮನೆಯಲ್ಲಿ. ನಾನು ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದೆ. ನನ್ನ ಗಂಡ ಶರಣಪ್ಪ ನಗರದಾಚೆಗಿನ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಗಂಡನ ಹೆಸರು ಒಂದು ಸಲ ಬರೆದದ್ದೇ ಹೆಚ್ಚಾಯಿತು. ಇನ್ನು ಮುಂದೆ ಮನೆಯಲ್ಲಿ ಅನ್ನುವಂತೆ 'ಇವರು' ಎಂದೇ ಬರೆಯುತ್ತೇನೆ. ಕಾರ್ಖಾನೆಯೊಳಗೆ ಹೋಗುವ ಖಾಸಗಿ ರೈಲುಹಳಿಗೆ ಸೈಡಿಂಗ್ ಅನ್ನುತ್ತಾರೆ. ಅಲ್ಲಿ ಖಾಲಿ ವ್ಯಾಗನ್ನುಗಳನ್ನು ಎಂಜಿನ್ನಿನಿಂದ ಹಿಂದಕ್ಕೆ ತಳ್ಳಿಸಿ, ಸಿಮೆಂಟು ತುಂಬುವ ಜಾಗಕ್ಕೆ ನಿಲ್ಲಿಸುವುದು ಇವರ ಕೆಲಸ. ಹಳಿ ಎರಡಾಗಿ ಕವಲೊಡೆಯುವ ಕಡೆ ಇವರು ಬಾವುಟ ಹಿಡಿದು ನಿಲ್ಲುತ್ತಿದ್ದರು. ಹಸಿರು ಬೀಸಿದರೆ ಎಂಜಿನ್ನಿನವನು ತಳ್ಳುತ್ತಿದ್ದ, ಕೆಂಪು ತೋರಿದರೆ ನಿಲ್ಲಿಸುತ್ತಿದ್ದ.

ದಿನವಿಡೀ ರೈಲಿನ ಜೊತೆ ಇದ್ದು ಬಂದವರಿಗೆ ಮನೆಯಲ್ಲೂ ರೈಲೇ ಬೇಕಾಗಿತ್ತು. ನಿಜದ ಗಾತ್ರದ ಎಂಬತ್ತೇಳನೆಯ ಒಂದು ಪಾಲಿನಷ್ಟಿರುವ ಪುಟ್ಟ ಹಳಿ, ಅದರ ಮೇಲೆ ಓಡುವ ಅಂಗೈ ಉದ್ದದ ಎಂಜಿನ್ನು. ಹಳಿಯನ್ನು ಹೈದರಾಬಾದಿನಿಂದ ತುಂಡು ತುಂಡಾಗಿ ತರಿಸುತ್ತಿದ್ದರು. ಉಳಿದದ್ದೆಲ್ಲ ಇಲ್ಲಿಯದೇ. ಶಹಾಬಾದ್ ಪರಶಿಕಲ್ಲು ಕೊಯ್ಯುವ ಕಡೆಯಿಂದ ತಂದ ಕಲ್ಲುಪುಡಿಯನ್ನು ಚಹಾ ಸೋಸುವ ಜಾಳಿಗೆಯಲ್ಲಿ ಜರಡಿ ಹಿಡಿದರೆ ಹಳಿಯ ಕೆಳಗಿನ ಜಲ್ಲಿ. ಒಣಗಿದ ಹೀರೇಕಾಯಿಯ ನಾರು ಬಣ್ಣ ಹಚ್ಚಿದರೆ ಪೊದೆ. ಹಲಗೆಯ ಮೇಲೆ ಹೀಗೆ ಕಟ್ಟಿದ ಪುಟ್ಟ ರೈಲುಜಾಗಕ್ಕೆ ಲೇಔಟು ಅನ್ನುತ್ತಾರೆ. ಪ್ರತಿವರ್ಷ ಶರಣಬಸವೇಶ್ವರ ಗುಡಿಯ ಹತ್ತಿರದ ಒಂದು ಸಭಾಗೃಹದಲ್ಲಿ ಹವ್ಯಾಸಿಗಳ ಪ್ರದರ್ಶನ ನಡೆಯುತ್ತಿತ್ತು. ನಿವೃತ್ತ ಲೆಕ್ಚರರ್ ಚಂದ್ರಕಾಂತ ಸರ್ ಅದನ್ನು ನಡೆಸುತ್ತಿದ್ದರು. ಇವರ ಸುರಂಗದ ಲೇಔಟು, ಸೇತುವೆಯ ಲೇಔಟು ಎಲ್ಲ ಅಲ್ಲಿ ಓಡಿದ್ದವು. ಗುಡ್ಡ, ಗಿಡ, ಆಕಾಶದ ಪರದೆ ಬರೆಯುವುದು ನನ್ನ ಪಾಲಿಗೆ. ಆ ದಿನಗಳಲ್ಲಿ ನಾವಿಬ್ಬರೂ ಒಂದೇ ಹಲಗೆಯ ಎರಡು ಕಡೆ ಬಗ್ಗಿಕೊಂಡು ಮಾತಿಲ್ಲದೆ ಗಂಟೆಗಟ್ಟಲೆ ಇರುತ್ತಿದ್ದೆವು. ಅದಕ್ಕಿಂತ ಸುಖ ನನಗೆ ಬೇರೆ ಗೊತ್ತಿರಲಿಲ್ಲ.

ಆ ಶ್ರಾವಣದ ಒಂದು ಸಂಜೆ, ಜಿಟಿಜಿಟಿ ಮಳೆಯಲ್ಲಿ, ಮೌಲಾಸಾಬನ ಕಾಲು ಹೋಯಿತು.

ಮೌಲಾಸಾಬ ಇವರ ಕೈಕೆಳಗಿನವನು. ವ್ಯಾಗನ್ನುಗಳ ನಡುವೆ ಇಳಿದು ಕೊಂಡಿ ಹಾಕುವುದು, ಗಾಳಿಯ ಪೈಪು ಜೋಡಿಸುವುದು ಅವನ ಕೆಲಸ. ಮುಗಿಸಿ ಹೊರಗೆ ಬಂದ ಮೇಲೆ, ಆಯಿತು ಎನ್ನಲು 'ಆತ್ರೀ' ಎಂದು ಕೂಗುತ್ತಿದ್ದ. ಇವರಿಗಿಂತ ಹತ್ತು ವರ್ಷ ಚಿಕ್ಕವನು, ಇವರನ್ನು ಅಣ್ಣಾ ಎನ್ನುತ್ತಿದ್ದ. ಅವನ ಹೆಂಡತಿ ಖಾಜಾಬಿ ಪ್ರತಿ ರಮಜಾನಿಗೆ ನಮ್ಮ ಮನೆಗೆ ಹಾಲು-ಶಾವಿಗೆಯ ಸುರಕುಂಬಾ ಕಳಿಸುತ್ತಿದ್ದಳು. ಆ ಸಂಜೆ ಅವನು ಎರಡು ವ್ಯಾಗನ್ನುಗಳ ನಡುವೆ ಇಳಿದಿದ್ದ. ಇವರು ಹಸಿರು ಬೀಸಿದರು. ವ್ಯಾಗನ್ನು ಜರುಗಿದ್ದು ಒಂದು ಮಾರು ಇರಬಹುದು, ಅಷ್ಟೇ. ಎಡಗಾಲು ಮೊಳಕಾಲಿನ ಕೆಳಗೆ ಹೋಯಿತು.

ಆಸ್ಪತ್ರೆಯಿಂದ ಬಂದ ಇವರು ಅಂಗಳದಲ್ಲೇ ಕೂತುಬಿಟ್ಟರು. ಅಂಗಿ ತೊಯ್ದು ಮೈಗಂಟಿತ್ತು. "ಅವ 'ಆತ್ರೀ' ಅಂದದ್ದು ಕೇಳ್ಸಿತು ಸುನಂದಾ" ಎಂದರು. "ಹೊರಗ ಬಂದಾನ ಅಂತ ತಿಳ್ಕೊಂಡೆ. ಕಂಬ ಅಡ್ಡ ಇತ್ತು, ಅವ ಕಾಣ್ತಿದ್ದಿಲ್ಲ." ಮುಂದಿನ ದಿನಗಳಲ್ಲಿ ಯಾರು ಬಂದು ಕೇಳಿದರೂ ಇದೇ ಮಾತು. ಕಂಬ ಅಡ್ಡ ಇತ್ತು. ಮೌಲಾಸಾಬ ಮಾತ್ರ ತಾನು 'ಆತ್ರೀ' ಅಂದಿಲ್ಲವೆಂದೇ ಹೇಳುತ್ತಿದ್ದ.

ಕಾರ್ಖಾನೆಯವರು ವಿಚಾರಣೆ ಮುಗಿಯುವವರೆಗೆ ಇವರನ್ನು ಕೆಲಸದಿಂದ ದೂರ ಇಟ್ಟರು. ಅಷ್ಟರಲ್ಲೇ ಮಾತು ಒಂದು ದಿಕ್ಕಿಗೆ ಹರಿಯತೊಡಗಿತ್ತು. ಸಿಗ್ನಲ್ ಕೊಡುವವನಿಗೆ ತಿಳಿಸದೆ ಮೌಲಾಸಾಬ ತಾನೇ ಒಳಗೆ ಇಳಿದ, ಅವಸರ ಮಾಡಿದ, ಎಂದು. ಹಾಗೆ ತೀರ್ಮಾನವಾದರೆ ಕಾರ್ಖಾನೆಗೆ ಅವನ ಹೊಣೆ ಇರುವುದಿಲ್ಲ. ಇವರಿಗೂ ಕೆಲಸ ಉಳಿಯುತ್ತದೆ. ಇದು ನನಗೆ ಆಗಲೇ ಅರ್ಥವಾಗಿತ್ತು. ಇಬ್ಬರಲ್ಲಿ ಒಬ್ಬರಷ್ಟೇ ಉಳಿಯಬಹುದಾದ ಜಾಗ ಅದು.

ಓಣಿಯಲ್ಲಿ ಎಲ್ಲರೂ ಕೇಳುವವರೇ. ಹಾಲಿನವರು, ಕಿರಾಣಿ ಅಂಗಡಿಯವರು, ಮಸೀದಿಗೆ ಹೋಗುವ ಹಿರಿಯರು. ಕೆಟ್ಟದಾಗಿ ಯಾರೂ ಕೇಳುತ್ತಿರಲಿಲ್ಲ, ಆದರೂ ಇವರು ಹೊರಗೆ ಬರುವುದನ್ನೇ ಬಿಟ್ಟರು. ದಸರೆಯ ಹೊತ್ತಿಗೆ ನಾವು ಕಮಲಾಪುರಕ್ಕೆ ಮನೆ ಬದಲಿಸಿದೆವು. ನನ್ನ ಶಾಲೆಯ ಹತ್ತಿರ ಎರಡು ಕೋಣೆಯ ಮನೆ. ಅದರ ಹಿಂದೆ ತಗಡಿನ ಒಂದು ದೊಡ್ಡ ಗೋದಾಮು. ಹಿಂದೆ ಅಲ್ಲಿ ಊರಿನ ಕೆಂಪು ಬಾಳೆಯ ಗೊನೆಗಳನ್ನು ಹಣ್ಣಿಗೆ ಹಾಕುತ್ತಿದ್ದರಂತೆ. ಗೋಡೆಗಳಿಗೆ ಇನ್ನೂ ಮಾಗಿದ ಹಣ್ಣಿನ ಕಂಪಿತ್ತು. ಇವರು ಒಳಗೆ ಹೋಗಿ ನೆಲ ನೋಡಿದರು, ಮೇಲೆ ನೋಡಿದರು. ಮರುದಿನ ಬಾಗಿಲಿಗೆ ಪ್ಲೈವುಡ್ ಹಲಗೆಗಳು ಬಂದು ಬಿದ್ದವು.

"ಯಾವ ಲೇಔಟ್ ಮಾಡ್ತೀರಿ ಈ ಸಲ?" ಎಂದೆ.

"ನಮ್ಮ ಸೈಡಿಂಗು. ಹ್ಯಾಂಗ ಇತ್ತೋ ಹಂಗೇ."

ಅದಕ್ಕೆ ಕಾರಣವೂ ಇತ್ತು. ಅಪಘಾತವಾದ ಮೇಲೆ ಕಾರ್ಖಾನೆಯವರು ಆ ಹಳಿಯನ್ನೇ ಕಿತ್ತು ಬೇರೆ ಕಡೆ ಹಾಕಲು ತೊಡಗಿದ್ದರು. ಹಳಿಯ ಮೇಲಿಂದ ಹಾಯುತ್ತಿದ್ದ, ಸಿಮೆಂಟು ಸಾಗಿಸುವ ಬೆಲ್ಟನ್ನೂ, ಅದನ್ನು ಹೊತ್ತಿದ್ದ ಕಂಬವನ್ನೂ ಕೆಡವಿದ್ದರು. ಬೆಲ್ಟು ನಡುವೆ ಯಾವಾಗಲೋ ಹಾಕಿದ್ದಾದ್ದರಿಂದ ಹಳೆಯ ನಕ್ಷೆಯಲ್ಲಿ ಕಂಬ ಇರಲಿಲ್ಲ. ಅಂದು ಇವರು ನಿಂತ ಜಾಗದಿಂದ ಮೌಲಾಸಾಬ ಕಾಣುತ್ತಿದ್ದನೋ ಇಲ್ಲವೋ ಎಂದು ಹೋಗಿ ನೋಡಲು ಆ ಜಾಗವೇ ಉಳಿದಿರಲಿಲ್ಲ. ಉಳಿದದ್ದು ಇವರ ತಲೆಯಲ್ಲಿ ಮಾತ್ರ.

ಇವರು ಕೆಲಸಕ್ಕೆ ತೊಡಗಿದ ರೀತಿ ನನಗೆ ಹೆದರಿಕೆ ಹುಟ್ಟಿಸಿತು. ಮೊದಲು ನೆಲದ ತುಂಬ ಹಳೆಯ ಪೇಪರು ಹಾಸಿ, ಮೊಳೆಗೆ ದಾರ ಕಟ್ಟಿ, ಹಳಿ ಬಳುಕುವ ತಿರುವನ್ನು ಸುಣ್ಣದಕಡ್ಡಿಯಿಂದ ಬರೆದರು. ಅಳಿಸಿದರು. ಮತ್ತೆ ಬರೆದರು. ಹಳಿಯ ಪಕ್ಕದಲ್ಲಿ ಎಷ್ಟು ಹೆಜ್ಜೆ ನಡೆದರೆ ಎಲ್ಲಿಗೆ ಮುಟ್ಟುತ್ತಿದ್ದೆ ಎಂದು ಗೋದಾಮಿನಲ್ಲಿ ಕಣ್ಣುಮುಚ್ಚಿ ನಡೆಯುತ್ತಿದ್ದರು. ಹಲಗೆಗಳನ್ನು ಕೊಯ್ದು, ಕೆಳಗೆ ಚೌಕಟ್ಟು ಹೊಡೆದು, ಎರಡು ಹಲಗೆ ಬೋಲ್ಟು ಹಾಕಿ ಸೇರುವಂತೆ ಮಾಡಿದರು. ಹಳಿ ಹಾಸುವಾಗ ತುಂಡು ತುಂಡಿನ ನಡುವೆ ಕಾಗದ ತೂರುವಷ್ಟು ಜಾಗ ಬಿಟ್ಟರು. ನಮ್ಮ ಕಡೆಯ ಬೇಸಿಗೆಯಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಹಳಿ ಹಿಗ್ಗಿ ಸೆಟೆದು ಮೇಲೇಳುತ್ತದೆ, ಗಾಡಿ ಬೀಳುತ್ತದೆ. ಹಲಗೆಯ ಕೆಳಗೆ ಒರಗಿ ಮಲಗಿ, ಒಂದೊಂದು ಹಳಿಗೂ ವೈರು ಬೆಸೆದರು. ಹಳಿಯ ಕವಲನ್ನು ಆಚೆ ಈಚೆ ಸರಿಸಲು ಸೈಕಲ್ ಚಕ್ರದ ಕಡ್ಡಿ. ಸಿಮೆಂಟು ತುಂಬುವ ಗೋಪುರಕ್ಕೆ ನೀರಿನ ಪೈಪಿನ ತುಂಡು. ನಾನು ಶಾಲೆಯಿಂದ ಬರುವಾಗ ಬಾಗಿಲಲ್ಲೇ ರಾಳದ ವಾಸನೆ ಎದುರಾಗುತ್ತಿತ್ತು. ಊಟ ತಂದಿಟ್ಟರೆ ಆರಿಹೋಗುತ್ತಿತ್ತು.

ಕವಲಿನಿಂದ ನಾಲ್ಕು ವ್ಯಾಗನ್ನಿನಾಚೆ, ತಿರುವಿನ ಒಳಮಗ್ಗುಲಲ್ಲಿ, ಇವರು ಒಂದು ಕಂಬ ನಿಲ್ಲಿಸಿದರು.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಊರೆಲ್ಲ ಹೊಲಕ್ಕೆ ಹೋಗಿತ್ತು. ನಾನು ಕಾಳು-ಸೊಪ್ಪಿನ ಭಜ್ಜಿ ಮಾಡಿ, ಸಜ್ಜೆ ರೊಟ್ಟಿ ತಟ್ಟುತ್ತಿದ್ದೆ. ಆಗ ಮನೆಯ ಮುಂದೆ ಕಾರು ನಿಂತಿತು. ಕಾರ್ಖಾನೆಯ ಸಾಹೇಬರು. ಲೇಔಟಿನ ಸುದ್ದಿ ಅವರಿಗೆ ಯಾರೋ ಮುಟ್ಟಿಸಿದ್ದರು. ಗೋದಾಮಿಗೆ ಹೋಗಿ ಸುತ್ತ ಒಂದು ಸಲ ನಡೆದು ನೋಡಿದರು, ಮೆಚ್ಚಿಕೊಂಡರು. ಕೆಟ್ಟ ಮನುಷ್ಯರಲ್ಲ ಅವರು. ಇವರು ತಮ್ಮ ಮೊಬೈಲನ್ನು ಕವಲಿನ ಹತ್ತಿರ, ಬಾವುಟ ಹಿಡಿದವನ ಕಣ್ಣಿನ ಎತ್ತರಕ್ಕೆ ಇಟ್ಟು ಕ್ಯಾಮೆರಾ ತೆರೆದರು. ಪರದೆಯ ಮೇಲೆ ಸಾಲು ವ್ಯಾಗನ್ನು ಕಂಡವು. ನಾಲ್ಕನೆಯದರ ಕಡೆ ಬರೀ ಕಂಬ.

"ಕಾಣೂದೇ ಇಲ್ಲಲ್ಲ" ಎಂದರು ಸಾಹೇಬರು.

"ಇಲ್ಲರೀ."

"ಈ ಸಲ ಪ್ರದರ್ಶನದಾಗ ಇದನ್ನೇ ಇಡು ಶರಣಪ್ಪ. ವಿಚಾರಣಿ ಸಮಿತಿಯವರನ್ನ ಅಲ್ಲಿಗೇ ಕರ್ಕೊಂಡ್ ಬರ್ತೀನಿ. ಅವ್ರು ಕಣ್ಣಾರೆ ನೋಡ್ಲಿ. ಯುಗಾದಿ ಅನ್ನೋದ್ರಾಗ ನೀ ಕೆಲಸದಾಗ ಇರ್ತಿ."

ಸಾಹೇಬರು ರೊಟ್ಟಿ ಭಜ್ಜಿ ತಿಂದು ಹೋದರು. ಅಂದು ಎಷ್ಟೋ ದಿನಗಳ ಮೇಲೆ ಇವರು ನನ್ನ ಜೊತೆ ಕೂತು ಉಂಡರು. ನನ್ನ ಎದೆಯ ಮೇಲಿನ ಭಾರವೂ ಇಳಿದಂತಾಗಿತ್ತು. ಮೌಲಾಸಾಬನ ಹೆಸರನ್ನು ನಾವಿಬ್ಬರೂ ಎತ್ತಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಬಣ್ಣದ ಕೆಲಸ ನನ್ನ ಪಾಲಿಗೆ ಬಂತು. ತಂತಿಗೆ ಎಂ-ಸೀಲ್ ಮೆತ್ತಿ ಎರಡು ಗೊಂಬೆ ಮಾಡಿದೆ. ಬೆರಳ ಗಿಣ್ಣಿನಷ್ಟಿದ್ದವು. ಒಂದರ ಕೈಯಲ್ಲಿ ಬಾವುಟ. ಇನ್ನೊಂದು ಬಗ್ಗಿ ನಿಂತದ್ದು, ಮೈಮೇಲೆ ಕಾರ್ಖಾನೆಯ ನೀಲಿ ಅಂಗಿ. ಆಮೇಲೆ ಕಂಬಕ್ಕೆ ಬಣ್ಣ ಹಚ್ಚಲು ಕೂತೆ. ಸಿಮೆಂಟಿನ ಕಂಬಕ್ಕೆ ಮಳೆಯ ಕಲೆ ಹೇಗಿರುತ್ತದೆ, ನೆರಳು ಯಾವ ಕಡೆ ಬೀಳುತ್ತದೆ ಎಂದು ಯೋಚಿಸುತ್ತಿರುವಾಗ ಅಪಘಾತಕ್ಕೆ ಮುಂಚಿನ ಆಯುಧಪೂಜೆ ನೆನಪಾಯಿತು. ಅಂದು ಮನೆಮಂದಿಯನ್ನೂ ಒಳಗೆ ಬಿಟ್ಟಿದ್ದರು. ನಾನೂ ಖಾಜಾಬಿಯೂ ಆ ಕಂಬದ ನೆರಳಿಗೇ ಚಾಪೆ ಹಾಸಿ ಕೂತಿದ್ದೆವು. ಮೌಲಾಸಾಬ ವ್ಯಾಗನ್ನಿಗೆ ಚೆಂಡುಹೂವಿನ ಸರ ಕಟ್ಟುತ್ತಿದ್ದ. ಇವರು ಕವಲಿನ ಹತ್ತಿರ ನಿಂತಲ್ಲಿಂದಲೇ "ಎಡಕ್ಕ ಹಿಡಿ, ಇನ್ನೊಂಚೂರು ಮ್ಯಾಲ, ಹಾಂ, ಸಾಕು" ಎಂದು ಕೂಗಿ ಹೇಳುತ್ತಿದ್ದರು. ಖಾಜಾಬಿ ನಗುತ್ತ, "ನೋಡಕ್ಕಾ, ಲಗ್ನದ ಮಂಟಪ ಕಟ್ಟಾಕತ್ತಾರ" ಅಂದಿದ್ದಳು. ನಾವು ಕೂತದ್ದು ಹಳಿಯ ಆಚೆ ಕಡೆ. ಅವರಿಬ್ಬರ ನಡುವೆ ನಾವೂ ಇರಲಿಲ್ಲ, ಕಂಬವೂ ಇರಲಿಲ್ಲ.

ಕುಂಚ ಕೈಯಲ್ಲಿ ಹಿಡಿದುಕೊಂಡೇ ಕೇಳಿದೆ. "ಈ ಕಂಬ ತಿರುವಿನ ಈ ಕಡಿ ಇತ್ತೇನ್ರೀ? ಪೂಜಿ ದಿನ ನಾನೂ ಖಾಜಾಬಿ ಅದರ ಬುಡಕ್ಕ ಕೂತಿದ್ವಿ. ಕಂಬ ಹಳಿ ಆಚಿಗಿತ್ತಲ್ಲ. ನೀವು ನಿಂತಲ್ಲಿಂದಲೇ ಮೌಲಾಗ ಹೂವಿನ ಸರ ಹ್ಯಾಂಗ ಕಟ್ಟಬೇಕಂತ ಹೇಳಾಕತ್ತಿದ್ರಿ."

ಹೇಳಿ ಮುಗಿಸಿದ ಮೇಲೆಯೇ ನಾನು ಏನು ಹೇಳಿದೆ ಎಂಬುದು ನನಗೆ ತಿಳಿದದ್ದು.

ಇವರು ವೈರು ಕತ್ತರಿಸುವುದನ್ನು ನಿಲ್ಲಿಸಿದರು. "ಅವತ್ತ ನಾ ಬ್ಯಾರೆ ಕಡಿ ನಿಂತಿದ್ದೆ" ಎಂದರು. ಕತ್ತರಿ ಕೆಳಗಿಟ್ಟು, "ನಿನಗ ನೆನಪಿಲ್ಲ" ಎಂದರು. ಕಂಬಕ್ಕೆ ಅರ್ಧ ಹಚ್ಚಿದ ಬಣ್ಣ ಹಾಗೇ ಒಣಗಿತು.

ಅದಾದ ಮೇಲೆ ಇವರು ಗೋದಾಮಿನ ಬಾಗಿಲು ತೆರೆಯಲಿಲ್ಲ. ಕಟ್ಟೆಯ ಮೇಲೆ ಕೂತು ರಸ್ತೆ ನೋಡುತ್ತಿದ್ದರು. ಬೀದರ ಕಡೆಯ ರೈಲು ದೂರದಲ್ಲಿ ಕೂಗಿದರೆ ಎದ್ದು ಒಳಗೆ ಹೋಗುತ್ತಿದ್ದರು. ಆ ದಿನಗಳಲ್ಲಿ ನನ್ನ ಮನಸ್ಸು ನೆಟ್ಟಗಿರಲಿಲ್ಲ. ಯಾಕಾದರೂ ಕೇಳಿದೆನೋ ಅನ್ನಿಸುತ್ತಿತ್ತು. ಖಾಜಾಬಿಯ ಮುಖ ಕಣ್ಣಮುಂದೆ ಬಂದರೆ, ಕೇಳಿದ್ದೇ ಸರಿ ಅನ್ನಿಸುತ್ತಿತ್ತು. ಶಾಲೆಯಲ್ಲಿ ಮಕ್ಕಳಿಗೆ ದೂರದ ವಸ್ತು ಚಿಕ್ಕದು, ಹತ್ತಿರದ್ದು ದೊಡ್ಡದು ಎಂದು ಹಲಗೆಯ ಮೇಲೆ ಬರೆದು ತೋರಿಸುವಾಗ ನನ್ನ ಕೈ ನಿಂತುಬಿಡುತ್ತಿತ್ತು.

ಒಂದು ಬೆಳಿಗ್ಗೆ ಇವರು ಎಲ್ಲಿಗೆಂದು ಹೇಳದೆ ಬಸ್ಸು ಹತ್ತಿದರು. ಬಿಸಿಲು ಇಳಿಯುವ ಹೊತ್ತಿಗೆ ವಾಪಸು ಬಂದರು. ಕಾರ್ಖಾನೆಯ ಒಳಗೆ ಇವರನ್ನು ಬಿಡುತ್ತಿರಲಿಲ್ಲ. ಆದರೆ ಪಕ್ಕದಲ್ಲೇ ರಸ್ತೆಯ ಸೇತುವೆ ಇದೆ. ಅದರ ಮೇಲೆ ನಿಂತರೆ ಸೈಡಿಂಗಿದ್ದ ಜಾಗ ಕೆಳಗೆ ಪೂರ್ತಿ ಕಾಣುತ್ತದೆ. ಹಳಿ ಕಿತ್ತರೂ ಜಲ್ಲಿಯ ಗುರುತು ಉಳಿದಿತ್ತು. ಕಂಬ ಕೆಡವಿದರೂ ಅದರ ಬುಡ ಉಳಿದಿತ್ತು.

"ಆಚಿ ಕಡಿ ಅದ" ಎಂದರು ಇವರು, ಚಪ್ಪಲಿ ಬಿಡುತ್ತ.

ಮರುದಿನ ನಾನು ಶಾಲೆಯಿಂದ ಬರುವಾಗ ಗೋದಾಮಿನ ಬಾಗಿಲು ತೆರೆದಿತ್ತು. ಕಂಬವನ್ನು ಬುಡದಿಂದ ಕೊಯ್ದು ತಿರುವಿನ ಆಚೆಗೆ ನಿಲ್ಲಿಸಿದ್ದರು. ಅದು ಮೊದಲಿದ್ದಲ್ಲಿ ಜಲ್ಲಿ ಕಿತ್ತು ಹಸಿ ಪ್ಲೈವುಡ್ ಕಾಣುತ್ತಿತ್ತು. ನಾನು ಮಾಡಿದ ನೀಲಿ ಅಂಗಿಯ ಗೊಂಬೆ ಎರಡು ವ್ಯಾಗನ್ನಿನ ನಡುವೆ ಬಗ್ಗಿ ನಿಂತಿತ್ತು. ಇವರು ಕವಲಿನ ಪಕ್ಕ ಹಲಗೆಗೆ ಕೆನ್ನೆಯಿಟ್ಟು ಒಂದೇ ಕಣ್ಣಲ್ಲಿ ನೋಡುತ್ತಿದ್ದರು. ನಾನು ಹತ್ತಿರ ಹೋದರೂ ಏಳಲಿಲ್ಲ.

"ಕಾಣಸ್ತದ" ಎಂದರು. "ಬರೋಬ್ಬರಿ ಕಾಣಸ್ತದ. ನಾ ಎಂಜಿನ್ ಕಡಿ ನೋಡಾಕತ್ತಿದ್ದೆ. ಇತ್ತ ಹೊರಳಿ ನೋಡೇ ಇಲ್ಲ."

"ಮತ್ತ ಆ ದನಿ?"

"ಅದೂ ಕೇಳಿತ್ತೋ ಇಲ್ಲೋ, ಈಗ ನನಗ ಗೊತ್ತಿಲ್ಲ. ಕಂಬ ಇತ್ತು ಅಂತ ನಾ ಸುಳ್ಳು ಹೇಳ್ಲಿಲ್ಲ ಸುನಂದಾ. ಖರೇನೇ ನನ್ನ ತಲ್ಯಾಗ ಕಂಬ ಅಲ್ಲೇ ನಿಂತಿತ್ತು."

ಅದನ್ನು ನಾನು ನಂಬಿದೆ, ಈಗಲೂ ನಂಬುತ್ತೇನೆ. ಮತ್ತೆಲ್ಲ ಕೂದಲೆಳೆಯಷ್ಟೂ ತಪ್ಪದ ಕೈ ಅದೊಂದನ್ನೇ ತಪ್ಪಿಟ್ಟದ್ದು ಬೇಕೆಂದು ಮಾಡಿದ್ದಲ್ಲ. ಬದುಕಿ ಉಳಿಯಲು ಮನಸ್ಸು ತನಗೆ ಬೇಕಾದ ಕಡೆ ಒಂದು ಕಂಬ ನೆಟ್ಟುಕೊಂಡಿತ್ತು.

ಇವರು ಎದ್ದು ಕೂತರು. ಕೆನ್ನೆಗೆ ಕಲ್ಲುಪುಡಿ ಹತ್ತಿತ್ತು. "ಈಗ ನೀ ಹೇಳು. ಕಂಬ ಇಲ್ಲೇ ಇರ್ಲೋ, ಮೊದಲಿದ್ದಲ್ಲಿ ಇಡ್ಲೋ?"

"ನನ್ನ ಕೇಳಬ್ಯಾಡ್ರಿ" ಎಂದೆ. ಒಳಗೆ ಹೋಗಿ ಒಲೆಯ ಮುಂದೆ ಕೂತೆ. ಕಂಬ ಈಗಿದ್ದಲ್ಲೇ ಉಳಿದರೆ ಮುಂದೆ ಮನೆ ನನ್ನೊಬ್ಬಳ ಕೆಲಸದ ಮೇಲೆ ನಿಲ್ಲುತ್ತದೆ ಎಂಬುದು ಗೊತ್ತಿತ್ತು. ಇವರು ಕಂಬವನ್ನು ತಿರುಗಿ ಮುಟ್ಟಲಿಲ್ಲ. ಹಳೆಯ ಜಾಗಕ್ಕೆ ಜಲ್ಲಿ ಮುಚ್ಚಿ ಸರಿಮಾಡಿದ್ದನ್ನು ಮರುದಿನ ನೋಡಿದೆ.

ಪ್ರದರ್ಶನದ ಹೊತ್ತಿಗೆ ಬಿಸಿಲು ಬಲಿತಿತ್ತು. ಹಲಗೆಗಳನ್ನು ಗಾದಿಯಲ್ಲಿ ಸುತ್ತಿ ಟೆಂಪೋದಲ್ಲಿ ಹೇರಿಕೊಂಡು ಹೋದೆವು. ದಾರಿಯ ತಗ್ಗಿಗೆ ಕುಲುಕಾಡಿ ಎರಡು ಹಲಗೆ ಸೇರುವ ಕಡೆ ಹಳಿ ಬಾಗಿತ್ತು. ಸಭಾಗೃಹದ ನೆಲದ ಮೇಲೆ ಕೂತು ಇವರು ಅದನ್ನು ಬಿಚ್ಚಿ, ಅರದಿಂದ ಉಜ್ಜಿ, ತಿರುಗಿ ಕೂಡಿಸಿದರು. ಚಂದ್ರಕಾಂತ ಸರ್ ಬಂದು, "ಈ ಸಲ ಗುಡ್ಡ ಇಲ್ಲ, ಸುರಂಗ ಇಲ್ಲ. ಬರೇ ಧೂಳು" ಎಂದು ನಕ್ಕರು. ಯಾವ ಜಾಗ ಇದು ಎಂದು ಇವರು ಹೇಳಿದ ಮೇಲೆ ಅವರ ನಗು ನಿಂತಿತು. ತಾವೇ ಹೋಗಿ ಒಂದು ಟಿ.ವಿ. ತಂದು, ಇವರ ಮೊಬೈಲಿಗೆ ಜೋಡಿಸಿಕೊಟ್ಟರು. ಬಾವುಟದವನ ಕಣ್ಣಿಗೆ ಕಾಣುವುದೆಲ್ಲ ಈಗ ಬಂದವರಿಗೂ ಕಾಣುವಂತಾಯಿತು.

ಜನ ಬಂದರು. ಗುಡಿಗೆ ಬಂದವರು, ಕಾಲೇಜಿನ ಹುಡುಗಿಯರು, ಮಕ್ಕಳನ್ನು ಹೆಗಲ ಮೇಲೆ ಕೂಡಿಸಿಕೊಂಡ ಅಪ್ಪಂದಿರು. ಎಂಜಿನ್ನು ವ್ಯಾಗನ್ನುಗಳನ್ನು ತಳ್ಳುವುದು, ಕವಲು ಟಕ್ಕೆಂದು ಸರಿಯುವುದು ನೋಡಿ ಖುಷಿಪಟ್ಟರು. ನಾನು ಪಕ್ಕದ ಕುರ್ಚಿಯಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದೆ.

ಸಾಹೇಬರಿಗಿಂತ ಮೊದಲು ಖಾಜಾಬಿ ಬಂದಳು. ಅವಳ ಹಿಂದೆ ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು ಮೌಲಾಸಾಬ. ಅವನನ್ನು ಆಸ್ಪತ್ರೆಯಲ್ಲಿ ನೋಡಿದ್ದೇ ಕೊನೆ. ಈಗ ಸೊರಗಿ ಅರ್ಧ ಆಗಿದ್ದ. ಖಾಜಾಬಿ ನೇರ ನನ್ನ ಮುಂದೆ ಬಂದು ನಿಂತಳು.

"ಆಟಗಿ ಗಾಡಿ ಮಾಡಿ ನಮ್ಮ ಮ್ಯಾಲ ತಪ್ಪು ಹೊರಸ್ತಾರಂತ ಕೇಳೀನಿ. ಅದು ಹ್ಯಾಂಗ ಹೊರಸ್ತಾರ, ನೋಡಿ ಹೋಗೂಣಂತ ಬಂದೀನಕ್ಕಾ."

ನಾನು ಕುರ್ಚಿಯಿಂದ ಏಳುವಷ್ಟರಲ್ಲಿ ಸಾಹೇಬರು ಸಮಿತಿಯ ಇಬ್ಬರೊಡನೆ ಒಳಗೆ ಬಂದರು. ಮೌಲಾಸಾಬನನ್ನು ಕಂಡು ಅವರಿಗೆ ಇರುಸುಮುರುಸಾಯಿತು. ಆದರೂ ಇವರ ಕಡೆ ತಿರುಗಿ, "ತೋರ್ಸು ಶರಣಪ್ಪ" ಎಂದರು. ಇವರು ಮೊಬೈಲನ್ನು ಬಾವುಟದ ಗೊಂಬೆಯ ಪಕ್ಕ ಇಟ್ಟರು. ಟಿ.ವಿ.ಯ ಮೇಲೆ ವ್ಯಾಗನ್ನುಗಳ ಸಾಲು ಬಂತು. ನಾಲ್ಕನೆಯದರ ಪಕ್ಕ, ಬಗ್ಗಿ ನಿಂತ ಮನುಷ್ಯ.

ಸಾಹೇಬರು ಟಿ.ವಿ. ನೋಡಿದರು, ಲೇಔಟು ನೋಡಿದರು. "ಅವತ್ತ ಕಂಬ ಈ ಕಡಿ ಇತ್ತಲ್ಲ?"

"ನಾ ತಪ್ಪಿಟ್ಟಿದ್ದೆರೀ. ಕಂಬ ಹಳಿ ಆಚಿ ಇತ್ತು. ಸೇತುವಿ ಮ್ಯಾಲ ನಿಂತು ಬುಡ ನೋಡಿ ಬಂದೀನಿ. ನೀವೂ ನೋಡಬಹುದು."

"ಹಂಗಾದ್ರ ನಿನಗ ಇವ ಕಾಣ್ತಿದ್ದ ಅಂತೀ?"

"ಕಾಣ್ತಿದ್ದರೀ. ನಾ ನೋಡ್ಲಿಲ್ಲ."

ಸುತ್ತಲಿದ್ದ ಹತ್ತಾರು ಜನಕ್ಕೆ ಇದೇನೆಂದು ತಿಳಿಯಲಿಲ್ಲ. ಒಬ್ಬ ಅಪ್ಪ, ಗಾಡಿ ಮತ್ತೆ ಯಾವಾಗ ಓಡಿಸುತ್ತೀರಿ ಎಂದು ಕೇಳಿದ. ಸಮಿತಿಯ ಒಬ್ಬರು ಬಗ್ಗಿ ಕಂಬದ ಬುಡವನ್ನು ನೋಡತೊಡಗಿದರು. ಮೌಲಾಸಾಬ ಊರುಗೋಲು ಊರುತ್ತ ಹಲಗೆಯ ಹತ್ತಿರ ಬಂದ. ಬೆರಳ ಗಿಣ್ಣಿನಷ್ಟಿದ್ದ ತನ್ನನ್ನು ಬಹಳ ಹೊತ್ತು ನೋಡಿದ.

"ಅಂಗಿ ನೀಲಿ ಹಚ್ಚೀರಲ್ಲಕ್ಕಾ" ಎಂದು ನನಗೆ ಹೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತ ಮಳಿ ಇತ್ತಲ್ಲ, ಮಳಿಕೋಟು ಹಾಕ್ಕೊಂಡಿದ್ದೆ. ಹಳದಿ ಇತ್ತು."

ಇವರು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ನಾನು ನೋಡಿದೆ. ಆ ಮಬ್ಬಿನಲ್ಲಿ, ಆ ಬೂದು ವ್ಯಾಗನ್ನುಗಳ ನಡುವೆ ಹಳದಿ. ಅದನ್ನು ಈ ಹಲಗೆಯ ಮೇಲೆ ಯಾವ ಕ್ಯಾಮೆರಾವೂ ಇವರಿಗೆ ತೋರಿಸಿರಲಿಲ್ಲ.

ಸಾಹೇಬರು ಹೋದ ಮೇಲೆ ಖಾಜಾಬಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ನಾನು ನೀರು ಕೊಟ್ಟೆ. ಅವಳು ಕುಡಿಯಲಿಲ್ಲ, ಲೋಟವನ್ನು ಕೈಯಲ್ಲೇ ಹಿಡಿದುಕೊಂಡಳು.

"ನಿಮ್ಮ ಮನಿಯವ್ರು ಖರೆ ಹೇಳಿದ್ರು. ಅದಕ್ಕ ನಾ ಏನೂ ಅನ್ನಲ್ಲ" ಎಂದಳು. "ಆದ್ರ ಖರೆ ಹೇಳಾಕ ಇಷ್ಟು ದಿನ ಬೇಕಾತೇನು? ತಾನ ಒಳಗ ಹೋದ, ಬುದ್ಧಿ ಇಲ್ಲ ಅಂತ ಮಂದಿ ನಮ್ಮ ಮನಿಯವ್ರ ಮಾರಿ ಮ್ಯಾಲೇ ಅಂದ್ರು. ನಮ್ಮತ್ತಿನೂ ಅಂದ್ಲು. ಕಡೀಕ ನಮ್ಮ ಮನಿಯವ್ರೇ ಒಂದಿನ ನನ್ನ ಕೇಳಿದ್ರು, ನಾ ಖರೇನೇ 'ಆತ್ರೀ' ಅಂದಿದ್ನೇನು ಅಂತ. ಆ ದಿನ ನಿಮಗ ತಿರುಗಿ ಕೊಡಾಕ ಬರ್ತದೇನಕ್ಕಾ?"

ಅವಳು ಲೋಟವನ್ನು ಕೆಳಗಿಟ್ಟು, ಗಂಡನ ತೋಳು ಹಿಡಿದು ಕರೆದುಕೊಂಡು ಹೋದಳು. ಇವರು ಬಾಗಿಲವರೆಗೆ ಅವರ ಹಿಂದೆ ಹೋದರು. ಮೌಲಾಸಾಬ ಆಟೋ ಹತ್ತುವಾಗ ಊರುಗೋಲು ಹಿಡಿದುಕೊಳ್ಳಲು ಕೈ ಚಾಚಿದರು. ಖಾಜಾಬಿ ಅದನ್ನು ತಾನೇ ತೆಗೆದುಕೊಂಡಳು.

ಯುಗಾದಿಗೆ ಮುಂಚೆ ವಿಚಾರಣೆ ಮುಗಿಯಿತು. ಮೌಲಾಸಾಬನ ತಪ್ಪಿಲ್ಲವೆಂದು ಆಯಿತು. ಅವನ ಚಿಕಿತ್ಸೆಯನ್ನೂ ಕೃತಕ ಕಾಲನ್ನೂ ಕಾರ್ಖಾನೆ ಹೊತ್ತುಕೊಂಡು, ಕೂತು ಮಾಡುವ ಕೆಲಸ ಕೊಟ್ಟಿತು. ಇವರನ್ನು ತೆಗೆದುಹಾಕಿದರು. ಬೇವು ಬೆಲ್ಲ ಕೊಟ್ಟಾಗ ಇವರು ಕೈ ಒಡ್ಡಿ ತೆಗೆದುಕೊಂಡರು, ಬಾಯಿಗೆ ಹಾಕಿಕೊಂಡರು. ಸ್ವಲ್ಪ ದಿನದಲ್ಲಿ ಕಮಲಾಪುರದಲ್ಲೇ ಮೋಟಾರು ರಿವೈಂಡಿಂಗ್ ಅಂಗಡಿಯೊಂದಕ್ಕೆ ಹೋಗತೊಡಗಿದರು.

ಅದೇ ಸಾಹೇಬರು ಒಂದು ದಿನ ಫೋನು ಮಾಡಿ, ಶಂಟಿಂಗ್, ಅಂದರೆ ವ್ಯಾಗನ್ನು ಸರಿಸುವ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಕಲಿಸಲು ಲೇಔಟು ಕೊಡುತ್ತೀರಾ ಎಂದು ಕೇಳಿದರು. ಇವರು ಒಯ್ಯಿರಿ ಎಂದರು. ಲಾರಿ ಬಂದು ಒಯ್ದಿತು. ಕಾರ್ಖಾನೆಯ ತರಬೇತಿ ಕೋಣೆಯಲ್ಲಿ ಅದನ್ನು ಹೂಡಿದ್ದಾರೆಂದೂ, ಮೌಲಾಸಾಬನೇ ಅದನ್ನು ಓಡಿಸಿ, ಹೊಸಬರನ್ನು ಒಬ್ಬೊಬ್ಬರನ್ನಾಗಿ ಬಗ್ಗಿಸಿ, ಎಲ್ಲಿ ನಿಂತರೆ ಏನು ಕಾಣುತ್ತದೆ ಎಂದು ತೋರಿಸುತ್ತಾನೆಂದೂ ಆಮೇಲೆ ಕೇಳಿದೆವು. ಇವರು ಹೋಗಿ ನೋಡಲಿಲ್ಲ. ಹೊಸ ಲೇಔಟನ್ನೂ ಕಟ್ಟಲಿಲ್ಲ. ಗೋದಾಮನ್ನು ಮನೆಯ ಮಾಲೀಕರು ಮತ್ತೆ ಬಾಳೆಗೊನೆಗೆ ಕೊಟ್ಟರು.

ಮರುವರ್ಷ ಬೇಸಿಗೆಯ ಒಂದು ಮಧ್ಯಾಹ್ನ ಇವರು ಊಟಕ್ಕೆ ಬಂದಿದ್ದಾಗ ಫೋನು ಬಂತು. ಮೌಲಾಸಾಬ. ಇವರು ಫೋನನ್ನು ತಟ್ಟೆಯ ಪಕ್ಕ ಇಟ್ಟು ಮಾತಾಡಿದ್ದರಿಂದ ನನಗೂ ಕೇಳುತ್ತಿತ್ತು.

"ಅಣ್ಣಾ, ತಿರುವಿನ್ಯಾಗ ಗಾಡಿ ನಿಂತಬಿಡ್ತದ. ಕರೆಂಟ್ ಬರವಲ್ದು."

ಇವರು ಹೇಗೆ ಸರಿ ಮಾಡಬೇಕೆಂದು ಹೇಳತೊಡಗಿದರು. ಬಿಸಿಲಿಗೆ ಹಳಿ ಹಿಗ್ಗಿರಬೇಕು, ಕೆಳಗಿನ ವೈರು ಬಿಟ್ಟಿರಬೇಕು, ಕೆಂಪು ವೈರು ಹಿಡಿದುಕೊಂಡು ಹೋದರೆ ಸಿಗುತ್ತದೆ, ಎಂದು. ಮೌಲಾಸಾಬ ಹೂಂ ಹೂಂ ಎಂದು ಕೇಳಿದ. ಆಮೇಲೆ ಹೇಳಿದ:

"ಹಲಗಿ ಕೆಳಗ ಹೋಗಿ ಮಲಗಬೇಕಲ್ಲಣ್ಣಾ. ನನಗ ಆಗವಲ್ದು."

ಇವರು ತಟ್ಟೆಯಲ್ಲಿ ಕಲಸಿದ ಅನ್ನವನ್ನು ನೋಡುತ್ತ ಕೂತರು. "ನಾಳಿ ಬರ್ತೀನಿ" ಎಂದರು ಇವರು.

ಮರುದಿನ ಮೊದಲ ಬಸ್ಸಿಗೆ ಹೋದವರು ಬಂದದ್ದು ಸಂಜೆಗೆ. ಅಂಗಿಯ ಬೆನ್ನೆಲ್ಲ ಧೂಳು. ನಾನು ಕೈಕಾಲಿಗೆ ನೀರು ಕೊಟ್ಟು ಕಾದೆ. ಮುಖ ಒರೆಸಿಕೊಂಡ ಮೇಲೆ ಕೇಳಿದೆ.

"ಏನರ ಅಂದನೇನ್ರೀ ಮೌಲಾ?"

"ಚಾ ತರ್ಸಿದ್ದ."

"ನೀವೇನಂದ್ರಿ?"

"ಕುಡದೆ. ಗಾಡಿ ಓಡ್ಸಿ ನೋಡಿದ್ವಿ. ಓಡ್ತು."

"ಖಾಜಾಬಿ ಹ್ಯಾಂಗಿದಾಳಂತ?"

"ಕೇಳಾಕ ಧೈರ್ಯ ಬರ್ಲಿಲ್ಲ."

ಖಾಜಾಬಿ ಇವತ್ತಿನವರೆಗೂ ನಮ್ಮ ಮನೆಗೆ ಬಂದಿಲ್ಲ. ಬರಬೇಕೆಂದು ನಾನು ಕೇಳಿಯೂ ಇಲ್ಲ. ಆದರೆ ಅದರ ಮುಂದಿನ ತಿಂಗಳು, ಯಾರೂ ಫೋನು ಮಾಡದಿದ್ದರೂ, ಇವರು ಅಂಗಡಿಗೆ ರಜೆ ಹೇಳಿ ಮತ್ತೆ ಆ ಬಸ್ಸು ಹತ್ತಿದರು.